ಒದ್ದೆ ಬಟ್ಟೆಯ ಮದ್ದು

ಹಳೇ ಕಾರು ಇಟ್ಟುಕೊಂಡವರು ಬೇಸಿಗೆ ಬಂದರೆ ಎರಡು ದೂರು ಹೇಳುತ್ತಾರೆ. ಒಂದು, ಗಾಡಿ ಬಿಸಿಯಾಗುತ್ತದೆ. ಇನ್ನೊಂದು, ಬಿಸಿಯಾದ ಗಾಡಿಯನ್ನು ಒಮ್ಮೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಕೇಳಿದವರು ಇದು ಒಂದೇ ಕಾಯಿಲೆ ಎಂದುಕೊಳ್ಳುತ್ತಾರೆ. ಬಿಸಿ ಇಳಿಸಿದರೆ ಸ್ಟಾರ್ಟಿಂಗ್ ತಾನಾಗಿ ಸರಿಹೋಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಕೆಲವು ಸಲ ಹಾಗಾಗುವುದೂ ಉಂಟು. ಆದರೆ ಬಹಳ ಸಲ ಇವು ಎರಡು ಬೇರೆ ಕಾಯಿಲೆಗಳು. ಒಂದೇ ಬಾನೆಟ್ಟಿನ ಕೆಳಗೆ, ಒಂದೇ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತವೆ, ಅಷ್ಟೆ. ಇವನ್ನು ಬೇರೆ ಮಾಡಿ ನೋಡುವುದು ಹೇಗೆ, ಮದ್ದು ತಗುಲಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದನ್ನು ಕಳೆದ ವರ್ಷ, 2025ರ ಬೇಸಿಗೆಯಲ್ಲಿ, ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ನೆಪದಲ್ಲಿ ಹತ್ತಿರದಿಂದ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಡೊಂಬಿವಲಿಯಲ್ಲಿ. ಪದ್ಮಿನಿಯ ಮಟ್ಟಿಗೆ ಇದು ಪರವೂರಲ್ಲ. ಕಲ್ಯಾಣ್–ಶಿಲ್ ರಸ್ತೆಯ ಬದಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನ ಎರಡನೇ ಕಾರ್ಖಾನೆ ಇತ್ತು. 1990ರ ದಶಕದಲ್ಲಿ ಪಾಲ್-ಪೂಜೋ 309 ಕಾರು ಹೊರಬಂದದ್ದು ಅಲ್ಲಿಂದಲೇ. ಕಂಪನಿಯ ಮೂಲ ಕಾರ್ಖಾನೆ ಕುರ್ಲಾದಲ್ಲಿ. ಅದರ ಹುಟ್ಟಿನಲ್ಲಿ ನಮ್ಮ ನಾಡಿನ ಹೆಸರೂ ಸೇರಿಕೊಂಡಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಭಾರತದಲ್ಲೇ ಕಾರು ತಯಾರಿಸುವ ಕಾರ್ಖಾನೆಗೊಂದು ಯೋಜನೆ ಬರೆದು, ಅದಕ್ಕಾಗಿ ಯುರೋಪು, ಅಮೆರಿಕ ಸುತ್ತಿ ಬಂದರು. ಜೊತೆಗೆ ನಿಂತ ಉದ್ಯಮಿ ವಾಲಚಂದ್ ಹೀರಾಚಂದ್. ಮೈಸೂರು ಸಂಸ್ಥಾನದಲ್ಲಿ ಅದನ್ನು ಕಟ್ಟುವ ಪ್ರಯತ್ನಕ್ಕೆ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಕೊನೆಗೆ ವಾಲಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಶುರುಮಾಡಿದರು. 1964ರಲ್ಲಿ ಅಲ್ಲಿಂದ ಫಿಯಟ್ 1100 ಡಿಲೈಟ್ ಬಂತು. 1974ರಿಂದ ಅದೇ ಕಾರಿಗೆ ಪದ್ಮಿನಿ ಎಂಬ ಹೆಸರು. ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿ ಎಂದು ನೀವು ಸಿನಿಮಾಗಳಲ್ಲಿ ನೋಡಿದ ಕಾರು ಇದೇ. ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ತಾಡದೇವ್ ಆರ್‌ಟಿಒದಲ್ಲಿ. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ 30ರಿಂದ ಕಾಲಿ-ಪೀಲಿ ಪದ್ಮಿನಿ ರಸ್ತೆಯಲ್ಲಿಲ್ಲ.

ನಮ್ಮದು ಖಾಸಗಿ ಕಾರು, 1985ರದು. ಅಪ್ಪಯ್ಯ ಬುಕ್ ಮಾಡಿ, ವರ್ಷಗಟ್ಟಲೆ ಕಾದು ತಂದದ್ದು. ಮೂರು ಅಕ್ಷರದ ಹಳೇ ನಂಬರ್ ಪ್ಲೇಟು, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಜನ ಇದನ್ನು ವಿಂಟೇಜ್ ಎನ್ನುತ್ತಾರೆ. ಕಾನೂನು ಒಪ್ಪುವುದಿಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ್ದು ಮಾತ್ರ ವಿಂಟೇಜ್. ಅಲ್ಲಿಯವರೆಗೆ ಇದು ಬರೀ ಹಳೇ ಗಾಡಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒಗೆ ಒಯ್ದು, ತೋರಿಸಿ, ಫೀ ಕಟ್ಟಿ ನೋಂದಣಿ ಮುಂದುವರಿಸಬೇಕು. ನಮ್ಮ ಗಾಡಿಯ ಸರದಿ 2025ರ ಜೂನ್‌ನಲ್ಲಿತ್ತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಅಮ್ಮನನ್ನು ಥಾಣೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ. ಮುಂಬ್ರಾ ಬೈಪಾಸಿನ ಏರಿನಲ್ಲಿ ಮುಳ್ಳು ಕೆಂಪು ಗೆರೆಗೆ ಹೋಯಿತು. ಬದಿಗೆ ನಿಲ್ಲಿಸಿದೆ. ಮತ್ತೆ ಸ್ಟಾರ್ಟ್ ಆಗಲು 45 ನಿಮಿಷ ಬೇಕಾಯಿತು. ಮಟಮಟ ಮಧ್ಯಾಹ್ನ, ಪಕ್ಕದಲ್ಲಿ ಕಂಟೇನರ್ ಲಾರಿಗಳ ಸಾಲು, ಕಾರಿನೊಳಗೆ 76 ವರ್ಷದ ಅಮ್ಮ. ಬೆಂಗಳೂರಿನಿಂದ ಅಣ್ಣ ಫೋನು ಮಾಡಿ, "ಜೂನ್ ತನಕ ಕಾಯುವುದು ಬೇಡ, ಸ್ಕ್ರ್ಯಾಪಿಗೆ ಕೊಟ್ಟುಬಿಡುವ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಿಲ್ಲಿಸಿದ ಮೇಲೆ ಮತ್ತೆ ಹೊರಡುತ್ತದೆ ಎಂಬ ನಂಬಿಕೆ ಇಲ್ಲದ ಕಾರನ್ನು ಮುಂಬಯಿಯ ಸುತ್ತಮುತ್ತ ಓಡಿಸುವ ಹಾಗಿಲ್ಲ. ಅಪ್ಪಯ್ಯ ಏನೂ ಹೇಳಲಿಲ್ಲ. "ಕಾರಣ ಗೊತ್ತಾಗಲಿ, ಆಮೇಲೆ ಕೊಡುವ" ಎಂದರು, ಅಷ್ಟೆ.

*

ಕಾರಣ ಹುಡುಕಲು ಸಿಕ್ಕವರು ಕಾಕಾ. ವಿಜಯಪುರದ ಇಂಡಿ ಕಡೆಯವರು. ಮುಂಬಯಿಯ ಟ್ಯಾಕ್ಸಿ ಗ್ಯಾರೇಜುಗಳಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ಪದ್ಮಿನಿಗಳನ್ನೇ ಬಿಚ್ಚಿ ಕಟ್ಟಿದವರು. ಈಗ ಕಲ್ಯಾಣ್ ಪೂರ್ವದಲ್ಲಿ ಮಗನ ಮನೆಯಲ್ಲಿದ್ದಾರೆ, ಕೆಲಸ ಬಿಟ್ಟಿದ್ದಾರೆ. ಗಾಡಿ ತಂದು ತೋರಿಸುತ್ತೇನೆ ಎಂದರೆ ಬೇಡವೆಂದರು.

"ಜ್ವರ ಬಿಟ್ಟ ಮ್ಯಾಲೆ ಡಾಕ್ಟರ ಹತ್ರ ಹೋದ್ರ ಅಂವಾ ಏನ್ ನೋಡ್ಬೇಕು ತಂಗಿ? ತಣ್ಣಗಿದ್ದ ಗಾಡಿ ಎಲ್ಲಾ ಸುಳ್ಳ ಹೇಳ್ತದ. ಬಿಸಿ ಆದಾಗ ನನ್ನ ಪಕ್ಕದಾಗ ಕುಂಡ್ರಿಸ್ಕೋರಿ. ಅಲ್ಲೀತನಕ ಯಾವ ಪಾರ್ಟೂ ಬದಲಿ ಮಾಡಬ್ಯಾಡ್ರಿ."

ಅಷ್ಟರಲ್ಲಾಗಲೇ ಪಾರ್ಟುಗಳು ಬದಲಾಗಿದ್ದವು. ಹಿಂದಿನ ಎರಡು ವರ್ಷಗಳಲ್ಲಿ ಬೇರೆ ಬೇರೆ ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟ್ ತೆಗೆದು ಎಸೆದಿದ್ದರು, ಎಸಿ ಪಂಪ್ ಹೊಸತಾಗಿತ್ತು, ಕಾಯಿಲ್ ಹೊಸತಾಗಿತ್ತು, ಪಾಯಿಂಟ್ ಸೆಟ್ ಮೂರು ಸಲ ಬದಲಾಗಿತ್ತು. ಎಸಿ ಪಂಪ್ ಎಂದರೆ ಹವಾನಿಯಂತ್ರಣವಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ನಮ್ಮ ಮೆಕ್ಯಾನಿಕ್‌ಗಳು ಇಟ್ಟುಕೊಂಡ ಹೆಸರು ಅದು. ಪ್ರತಿ ಸಲವೂ ಗಾಡಿ ಕೆಲವು ದಿನ ಸರಿಯಿರುತ್ತಿತ್ತು, ಮತ್ತೆ ಅದೇ ಕಥೆ.

ಕಾಕಾ ಮೊದಲು ಕೈಗೆತ್ತಿಕೊಂಡದ್ದು ಬಿಸಿಯ ವಿಷಯ. ಅವರು ಕೇಳಿದ ಮೊದಲ ಪ್ರಶ್ನೆ: ಬಿಸಿಯಾಗುವುದು ನಿಂತಾಗಲೋ, ಓಡುವಾಗಲೋ?

ಈ ಪ್ರಶ್ನೆಯೊಂದೇ ಅರ್ಧ ದಾರಿ ಸವೆಸುತ್ತದೆ. ಪದ್ಮಿನಿಯದು 1089 ಸಿಸಿ ಎಂಜಿನ್. ಬ್ಲಾಕು ಬೀಡುಕಬ್ಬಿಣದ್ದು, ಮೇಲಿನ ಹೆಡ್ಡು ಅಲ್ಯೂಮಿನಿಯಂನದು. ಪೆಟ್ರೋಲಿನಿಂದ ಹುಟ್ಟುವ ಶಾಖದ ಒಂದು ಭಾಗವಷ್ಟೇ ಚಕ್ರಕ್ಕೆ ಹೋಗುತ್ತದೆ. ಉಳಿದದ್ದು ಹೊಗೆಯ ಜೊತೆ ಮತ್ತು ನೀರಿನ ಮೂಲಕ ಹೊರಗೆ ಹೋಗಬೇಕು. ನೀರು ಎಂಜಿನ್ನಿನಿಂದ ಬಿಸಿ ಹೊತ್ತು ರೇಡಿಯೇಟರಿಗೆ ತರುತ್ತದೆ, ಅಲ್ಲಿ ಗಾಳಿ ಅದನ್ನು ಇಳಿಸಿಕೊಳ್ಳುತ್ತದೆ. ಗಾಡಿ ಓಡುವಾಗ ಗಾಳಿ ತಾನಾಗಿ ಬೀಸುತ್ತದೆ, ನಿಂತಾಗ ಫ್ಯಾನ್ ಎಳೆಯಬೇಕು. ಆದ್ದರಿಂದ ಜಾಮಿನಲ್ಲಿ ಮಾತ್ರ ಬಿಸಿಯಾಗಿ ಹೈವೇಯಲ್ಲಿ ತಣ್ಣಗಾದರೆ ಗಾಳಿಯ ಕಡೆ ನೋಡಬೇಕು: ಸಡಿಲವಾದ ಫ್ಯಾನ್ ಬೆಲ್ಟು, ರೇಡಿಯೇಟರಿನ ರೆಕ್ಕೆಗಳಲ್ಲಿ ಸಿಕ್ಕ ಮಣ್ಣು, ಹುಳು. ವೇಗದಲ್ಲಿ, ಏರಿನಲ್ಲಿ ಬಿಸಿಯಾದರೆ ನೀರಿನ ಕಡೆ ನೋಡಬೇಕು: ಕಟ್ಟಿಕೊಂಡ ರೇಡಿಯೇಟರು, ಸವೆದ ವಾಟರ್ ಪಂಪು, ಬ್ಲಾಕಿನೊಳಗಿನ ಹೂಳು. ಎರಡೂ ಕಡೆ ಬಿಸಿಯಾದರೆ ಇಗ್ನಿಷನ್ ಟೈಮಿಂಗ್ ಕೂಡ ನೋಡಬೇಕು. ಕಿಡಿ ತಡವಾಗಿ ಬಿದ್ದರೆ ಉರಿ ಮುಗಿಯುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಕೆಲಸಕ್ಕೆ ಹೋಗಬೇಕಾದ ಶಾಖ ಹೆಡ್ಡಿಗೆ ಹೋಗುತ್ತದೆ.

ನಮ್ಮ ಗಾಡಿ ಶಿಲ್‌ಫಾಟಾ ಜಾಮಿನಲ್ಲಿ ನಿಧಾನವಾಗಿ ಏರುತ್ತಿತ್ತು, ಮುಂಬ್ರಾ ಬೈಪಾಸಿನ ಏರಿನಲ್ಲಿ ಬೇಗ ಏರುತ್ತಿತ್ತು. ಥಾಣೆ–ಬೇಲಾಪುರ ರಸ್ತೆಯ ಸಮತಟ್ಟಿನಲ್ಲಿ 50ರ ವೇಗಕ್ಕೆ ಇಳಿಯುತ್ತಿತ್ತು. ಹೊರೆ ಬಿದ್ದಾಗ ಸೋಲುತ್ತದೆ ಎಂದರೆ ಶಾಖ ಇಳಿಸುವ ಶಕ್ತಿಯೇ ಕುಗ್ಗಿದೆ ಎಂದರ್ಥ. ಆದರೆ ಕಾಕಾ ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ಮುಳ್ಳನ್ನೂ ಅವರು ನಂಬುವುದಿಲ್ಲ. 40 ವರ್ಷ ಹಳೇ ಮೀಟರು, ಅದರ ಸೆನ್ಸರು, ಅರ್ಥ್ ವೈರು ಯಾವುದು ಬೇಕಾದರೂ ಸುಳ್ಳು ಹೇಳಬಹುದು. ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರು ಈಗ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಅದನ್ನು ತಂದೆ. ಕಾಕಾಗೆ ಅದು ಹೊಸತು. ಹಿಂದೆ ಅವರು ಅಂಗೈಯಲ್ಲೇ ಇದನ್ನು ನೋಡುತ್ತಿದ್ದರಂತೆ.

ಕಟೈ ನಾಕಾ ತನಕ ಎರಡು ಸಲ ಹೋಗಿ ಬಂದು, ಗಾಡಿ ಪೂರ್ತಿ ಬಿಸಿಯಾದ ಮೇಲೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ರೇಡಿಯೇಟರಿನ ಮುಖದ ಮೇಲೆ ಥರ್ಮಾಮೀಟರ್ ಆಡಿಸಿದೆವು. ಬಿಸಿನೀರು ಮೇಲಿನ ಟ್ಯಾಂಕಿನಿಂದ ನೆಟ್ಟಗಿನ ಕೊಳವೆಗಳಲ್ಲಿ ಕೆಳಗಿಳಿಯುತ್ತದೆ. ಎಲ್ಲ ಕೊಳವೆಗಳೂ ತೆರೆದಿದ್ದರೆ ಎಡದಿಂದ ಬಲಕ್ಕೆ ಶಾಖ ಸುಮಾರಾಗಿ ಒಂದೇ ಇರಬೇಕು. ನಮ್ಮದರಲ್ಲಿ ಮೇಲಿನ ಟ್ಯಾಂಕು 97 ಡಿಗ್ರಿ. ಎಡಭಾಗದ ಕೊಳವೆಗಳು 90ರ ಹತ್ತಿರ. ಬಲಭಾಗದಲ್ಲಿ ನೆಟ್ಟಗೆ ನಿಂತ ಪಟ್ಟೆಯೊಂದು 55. ಅಲ್ಲಿ ನೀರೇ ಇಳಿಯುತ್ತಿರಲಿಲ್ಲ. ರೇಡಿಯೇಟರಿನ ಮೂರನೇ ಒಂದು ಭಾಗ ಬರೀ ಅಲಂಕಾರಕ್ಕೆ ಇತ್ತು.

ಇನ್ನೊಂದು ಭಯ ಹೆಡ್ ಗ್ಯಾಸ್ಕೆಟ್‌ನದು. ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು ಎರಡೂ ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಪದೇ ಪದೇ ಕುದಿದ ಎಂಜಿನ್ನಿನಲ್ಲಿ ಹೆಡ್ಡು ಬಾಗಿ ಗ್ಯಾಸ್ಕೆಟ್ ಸೋರಬಹುದು. ಅದಾಗಿದ್ದರೆ ಖರ್ಚಿನ ಲೆಕ್ಕವೇ ಬೇರೆ. ಮರುದಿನ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ಕ್ಯಾಪು ತೆಗೆದು ಸ್ಟಾರ್ಟ್ ಮಾಡಿ ನೀರಿನಲ್ಲಿ ಗುಳ್ಳೆ ಏಳುತ್ತದೆಯೇ ನೋಡಿದರು. ಏಳಲಿಲ್ಲ. ಆಯಿಲ್ ಕಡ್ಡಿಯಲ್ಲಿ ಹಾಲಿನ ಬಣ್ಣವಿರಲಿಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಹೆಚ್ಚು ಕಡಿಮೆ ಒಂದೇ ಇತ್ತು. ಬಿಸಿ ಗಾಡಿಯ ರೇಡಿಯೇಟರ್ ಕ್ಯಾಪನ್ನು ಮಾತ್ರ ಎಂದೂ ಮುಟ್ಟಬಾರದು. ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪು 7 ಪಿಎಸ್‌ಐನದಾದರೆ ಕುದಿಯುವ ಬಿಂದು ಸುಮಾರು 11 ಡಿಗ್ರಿ ಮೇಲೇರುತ್ತದೆ. ತೆರೆದ ಕ್ಷಣ ಆ ಒತ್ತಡ ಹೋಗಿ ನೀರೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಇದೇ ಕಾರಣಕ್ಕೆ ಸೋತ ಕ್ಯಾಪು ಕೂಡ ಗಾಡಿ ಕುದಿಯಲು ಸಾಕು. ನಮ್ಮದರ ರಬ್ಬರು ಒಡೆದಿತ್ತು, ಬದಲಿಸಿದೆವು.

ಕಲ್ಯಾಣ್‌ನ ರೇಡಿಯೇಟರ್ ಅಂಗಡಿಯೊಂದರಲ್ಲಿ ಟ್ಯಾಂಕಿನ ಬೆಸುಗೆ ಬಿಡಿಸಿ, ಕೊಳವೆ ಕೊಳವೆಗೂ ಸಣ್ಣ ಸರಳು ಹಾಕಿ ಕೊರೆದು, ಮತ್ತೆ ಬೆಸೆದು ಕೊಟ್ಟರು. ಇತ್ತ ಕಾಕಾ ಬ್ಲಾಕಿನ ನಲ್ಲಿ ಬಿಚ್ಚಿದರು. ನೀರು ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ಕೆಂಪು ಕೆಸರು ಇಳಿಯಿತು. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ಎಂಜಿನ್ನಿನ ತುಕ್ಕು ಮತ್ತು ಸುಣ್ಣ ಅದು. ತಿಳಿ ನೀರು ಬರುವ ತನಕ ತೊಳೆದು, ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ತುಂಬಿ, ಎಸೆದಿದ್ದ ಥರ್ಮೋಸ್ಟಾಟ್ ಜಾಗಕ್ಕೆ ಹೊಸತು ಕೂರಿಸಿದರು. ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ ಎಂಬ ಮಾತು ಗ್ಯಾರೇಜುಗಳಲ್ಲಿ ಬಹಳ ಹಳೆಯದು. ಅದು 80 ಡಿಗ್ರಿ ದಾಟಿದ ಮೇಲೆ ಹೇಗೂ ತೆರೆದುಕೊಳ್ಳುತ್ತದೆ. ಕೆಟ್ಟು ಮುಚ್ಚಿಕೊಂಡದ್ದನ್ನು ತೆಗೆದರೆ ಲಾಭವುಂಟು, ಸರಿಯಿದ್ದದ್ದನ್ನು ತೆಗೆದರೆ ಕಟ್ಟಿದ ರೇಡಿಯೇಟರು ಬಿಚ್ಚಿಕೊಳ್ಳುವುದಿಲ್ಲ.

ಮೇ ತಿಂಗಳ ಮೊದಲ ವಾರ, ಶಿಲ್‌ಫಾಟಾದಲ್ಲಿ ಮುಕ್ಕಾಲು ಗಂಟೆ ಸಿಕ್ಕಿಬಿದ್ದೆವು. ಥರ್ಮಾಮೀಟರು 88 ದಾಟಲಿಲ್ಲ. ಜ್ವರ ಇಳಿದಿತ್ತು.

ಮಹಾಪೆಯಲ್ಲಿ ಚಹಾ ಕುಡಿಯಲು ನಿಲ್ಲಿಸಿದೆವು. ಹದಿನೈದು ನಿಮಿಷದ ನಂತರ ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್ ಆಗಲಿಲ್ಲ.

*

ಎರಡು ಕಾಯಿಲೆ ಎಂದು ಸಾಬೀತಾದದ್ದು ಅಲ್ಲಿ. ಎಂಜಿನ್ ಸರಿಯಾದ ಶಾಖದಲ್ಲಿದ್ದರೂ ಎರಡನೆಯದು ಹಾಗೇ ಉಳಿದಿತ್ತು.

ಬಿಸಿ ಎಂಜಿನ್ ನಿಂತ ಮೇಲೆ ಒಳಗೆ ನಡೆಯುವುದನ್ನು ಇಲ್ಲಿ ಹೇಳಬೇಕು. ನಿಲ್ಲಿಸಿದ ಕ್ಷಣದಿಂದ ಗಾಡಿ ತಣ್ಣಗಾಗುತ್ತಾ ಹೋಗುತ್ತದೆ ಎಂದು ಅನಿಸುವುದು ಸಹಜ. ನಡೆಯುವುದು ಉಲ್ಟಾ. ಫ್ಯಾನ್ ನಿಂತಿತು, ನೀರಿನ ಓಟ ನಿಂತಿತು. ಆದರೆ ಕಬ್ಬಿಣದಲ್ಲಿ ತುಂಬಿಕೊಂಡ ಶಾಖ ಎಲ್ಲಿಗೂ ಹೋಗಿಲ್ಲ. ಅದು ಮೆಲ್ಲಗೆ ಕಾರ್ಬುರೇಟರಿಗೆ, ಪೆಟ್ರೋಲ್ ಪಂಪಿಗೆ, ಬಾನೆಟ್ಟಿನ ಕೆಳಗಿನ ಗಾಳಿಗೆ ಹರಡುತ್ತದೆ. ಮೊದಲ ಹತ್ತು, ಇಪ್ಪತ್ತು ನಿಮಿಷ ಬಾನೆಟ್ಟಿನ ಕೆಳಗೆ ಓಡುವಾಗ ಇದ್ದದ್ದಕ್ಕಿಂತ ಹೆಚ್ಚು ಬಿಸಿ. ಅದಕ್ಕೇ ಈ ಗಾಡಿಗಳು ಎರಡು ನಿಮಿಷಕ್ಕೆ ಸ್ಟಾರ್ಟ್ ಆಗುತ್ತವೆ, ಒಂದು ಗಂಟೆಗೂ ಆಗುತ್ತವೆ, ಹದಿನೈದು ನಿಮಿಷಕ್ಕೆ ಆಗುವುದಿಲ್ಲ.

ಆಗ ಸ್ಟಾರ್ಟ್ ಆಗದಿರಲು ಹೆಚ್ಚಾಗಿ ನಾಲ್ಕು ಕಾರಣ. ಸೆಲ್ಫ್ ಮೋಟರೇ ಬಿಸಿಗೆ ಬಿಗಿದು ನಿಧಾನ ತಿರುಗಬಹುದು. ಪೆಟ್ರೋಲ್ ಬರದಿರಬಹುದು. ಪೆಟ್ರೋಲ್ ಅತಿಯಾಗಬಹುದು. ಕಿಡಿ ಇಲ್ಲದಿರಬಹುದು.

ಪೆಟ್ರೋಲ್ ಬರದಿರುವುದಕ್ಕೆ ಗ್ಯಾರೇಜಿನ ಭಾಷೆಯಲ್ಲಿ 'ಏರ್ ಹಿಡಿದಿದೆ' ಎನ್ನುತ್ತಾರೆ. ನಿಜವಾಗಿ ಹಿಡಿಯುವುದು ಗಾಳಿಯಲ್ಲ, ಪೆಟ್ರೋಲಿನದೇ ಆವಿ. ಪೆಟ್ರೋಲಿನ ಹಗುರ ಭಾಗ 35–40 ಡಿಗ್ರಿಯಿಂದಲೇ ಆವಿಯಾಗಲು ಶುರುವಾಗುತ್ತದೆ. ಪದ್ಮಿನಿಯ ಟ್ಯಾಂಕು ಹಿಂದಿದೆ, ಪಂಪು ಮುಂದೆ ಎಂಜಿನ್ನಿಗೇ ಅಂಟಿಕೊಂಡಿದೆ. ಎಳೆಯುವಾಗ ಪೈಪಿನೊಳಗೆ ಒತ್ತಡ ಕಡಿಮೆ, ಆವಿಯಾಗುವುದು ಇನ್ನೂ ಸುಲಭ. ಆವಿ ತುಂಬಿದ ಪಂಪು ಬರೀ ಆವಿಯನ್ನೇ ಹಿಂಡುತ್ತದೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಇದಕ್ಕೆ ಮುಂಬಯಿಯ ಟ್ಯಾಕ್ಸಿಯವರ ಮದ್ದು ಎಲ್ಲರಿಗೂ ಗೊತ್ತು: ಜ್ವರದ ಹಣೆಗೆ ಹಾಕುವಂತೆ ಪಂಪಿನ ಮೇಲೆ ಒದ್ದೆ ಬಟ್ಟೆ. ನಮ್ಮ ಗಾಡಿಗೂ ಎರಡು ವರ್ಷದಿಂದ ಅದೇ ಮದ್ದು ನಡೆದಿತ್ತು. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಹಳೇ ಪಂಚೆಯ ತುಂಡು ಸದಾ ಇರುತ್ತಿತ್ತು. ಬಟ್ಟೆ ಹಾಕಿ ಅರ್ಧ ಗಂಟೆ ಕಾದರೆ ಗಾಡಿ ಹೊರಡುತ್ತಿತ್ತು. ಹೊರಡುತ್ತಿದ್ದುದರಿಂದ ಇದು ಪಂಪಿನ ಕಾಯಿಲೆಯೇ ಎಂದು ಗ್ಯಾರೇಜು, ಅಕ್ಕಪಕ್ಕದವರು, ಗೊತ್ತಿದ್ದವರು, ಗೊತ್ತಿಲ್ಲದವರು ಎಲ್ಲರೂ ಹೇಳಿದ್ದರು. 2025ರಲ್ಲಿ ಅದಕ್ಕೆ ಇನ್ನೊಂದು ಸೇರಿತು: ಇ20 ಪೆಟ್ರೋಲಿನ ಕಾಟ ಇದು ಎಂಬ ಮಾತು.

ಇ20 ಬಗ್ಗೆ ಹಳೇ ಕಾರಿನವರ ಚಿಂತೆ ಸುಳ್ಳಲ್ಲ. 2023ರ ಫೆಬ್ರವರಿಯಲ್ಲಿ ಕೆಲವು ಬಂಕುಗಳಲ್ಲಿ ಶುರುವಾದ ಶೇ 20 ಎಥನಾಲ್ ಪೆಟ್ರೋಲು 2025ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲೆಡೆ ಬಂದಿದೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಎಥನಾಲಿಗೆ ಮೆತ್ತಗಾಗಿ ಊದಿಕೊಳ್ಳಬಹುದು. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಕಂಪ್ಯೂಟರ್ ಇರುವ ಹೊಸ ಕಾರು ಅದಕ್ಕೆ ತಕ್ಕಂತೆ ಇಂಧನ ಹೆಚ್ಚಿಸಿಕೊಳ್ಳುತ್ತದೆ, ಹಳೇ ಕಾರ್ಬುರೇಟರಿನ ಜೆಟ್ಟಿನ ತೂತು ಇದ್ದಷ್ಟೇ ಇರುತ್ತದೆ. ಇಷ್ಟೆಲ್ಲ ನಿಜ. ಆದರೆ ಒಂದು ಗಾಡಿ ಒಂದು ದಿನ ನಿಂತರೆ ಅದಕ್ಕೆ ಇದೇ ಕಾರಣ ಎಂದು ಅಷ್ಟರಿಂದ ಹೇಳಲಾಗದು. ಅದನ್ನು ಆ ಗಾಡಿಯಲ್ಲೇ, ಆ ಹೊತ್ತಿನಲ್ಲೇ ನೋಡಬೇಕು.

ಮಹಾಪೆಯಲ್ಲಿ ನಾನು ಡಿಕ್ಕಿಯಿಂದ ಬಟ್ಟೆ ತೆಗೆದಾಗ ಕಾಕಾ ಕೈಯಡ್ಡ ಹಿಡಿದರು. "ತಡೀರಿ. ಮೊದಲ ನೋಡೂಣು, ಆಮ್ಯಾಲೆ ಮದ್ದು."

ಸೆಲ್ಫ್ ಚೆನ್ನಾಗಿಯೇ ತಿರುಗುತ್ತಿತ್ತು. ಒಂದು ಕಾರಣ ಹೋಯಿತು. ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರಿನ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಸಲಾಕೆ ಎಳೆದರು. ಒಳಗೆ ಪೆಟ್ರೋಲು ಸಣ್ಣ ಪಿಚಕಾರಿಯಂತೆ ಚಿಮ್ಮಿತು. ಅಂದರೆ ಕಾರ್ಬುರೇಟರಿನ ಬಟ್ಟಲಲ್ಲಿ ಪೆಟ್ರೋಲಿದೆ. ಪಂಪಿನಲ್ಲಿ ಆವಿ ಹಿಡಿದು ಬಟ್ಟಲು ಬರಿದಾಗಿದ್ದರೆ ಇದು ಚಿಮ್ಮುವುದಿಲ್ಲ. ಎರಡನೇ ಕಾರಣವೂ ಹೋಯಿತು. ಅತಿಯಾಗಿದೆಯೇ? ಒಳಗೆ ತೊಟ್ಟಿಕ್ಕುತ್ತಿರಲಿಲ್ಲ, ಗಾಢ ವಾಸನೆಯೂ ಇರಲಿಲ್ಲ. ಅತಿಯಾಗಿದ್ದಿದ್ದರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಸೆಲ್ಫ್ ಹೊಡೆದರೆ ಹೊರಡುತ್ತದೆ. ಅದನ್ನೂ ಮಾಡಿ ನೋಡಿದೆವು, ಹೊರಡಲಿಲ್ಲ.

ಉಳಿದದ್ದು ಕಿಡಿ. ಏರ್ ಫಿಲ್ಟರ್ ಮುಚ್ಚಿ, ಪೆಟ್ರೋಲಿನ ವಾಸನೆ ಹೋಗುವ ತನಕ ಕಾದು, ಪ್ಲಗ್ ವೈರೊಂದನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಕಾರ್ಬುರೇಟರಿನಿಂದ ದೂರದಲ್ಲಿ ಬ್ಲಾಕಿನ ಹತ್ತಿರ ಇಟ್ಟರು. ನಾನು ಸೆಲ್ಫ್ ಹೊಡೆದೆ. ನೀಲಿಯಾಗಿ, ದಪ್ಪವಾಗಿ, ಟಕ್ ಟಕ್ ಎಂದು ಸದ್ದು ಮಾಡುತ್ತಾ ಹಾರಬೇಕಾದ ಕಿಡಿ ಕೂದಲೆಳೆಯಷ್ಟು ಹಳದಿಯಾಗಿ ಎರಡು ಸಲ ಹಾರಿ ನಿಂತುಹೋಯಿತು.

ಆಗ ಕಾಕಾ ಒದ್ದೆ ಬಟ್ಟೆ ಕೇಳಿದರು. ಚೆನ್ನಾಗಿ ಹಿಂಡಿ, ವೈರುಗಳ ಬಾಯಿಗೆ ನೀರು ತಾಗದಂತೆ, ಪಂಪಿಗಲ್ಲ, ಕಾಯಿಲ್ಲಿನ ಮೈಗೆ ಸುತ್ತಿದರು. ಐದು ನಿಮಿಷಕ್ಕೆ ನೀಲಿ ಕಿಡಿ ಬಂತು. ಗಾಡಿ ಮೊದಲ ಸೆಲ್ಫಿಗೇ ಹೊರಟಿತು.

ನನಗೆ ಇಷ್ಟು ಸಾಕಿತ್ತು. ಅವರಿಗೆ ಸಾಕಾಗಲಿಲ್ಲ. "ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಹೋಗಿರಬಹುದು. ಇನ್ನೆರಡು ಸಲ ಕೆಡಲಿ" ಎಂದರು. ಕೆಟ್ಟ ಗಾಡಿಯನ್ನು ಇನ್ನೆರಡು ಸಲ ಕೆಡಿಸಿ ನೋಡುವ ಮೆಕ್ಯಾನಿಕ್ಕನ್ನು ನಾನು ಕಂಡದ್ದು ಅದೇ ಮೊದಲು. ಬೇಲಾಪುರ ತನಕ ಹೋಗಿ, ಗಾಡಿ ಬಿಸಿಯಾದ ಮೇಲೆ ನೆರಳಿನಲ್ಲಿ ನಿಲ್ಲಿಸಿ, ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದೆವು. ಆಗಲಿಲ್ಲ. ಈ ಸಲ ಬಟ್ಟೆ ಪಂಪಿಗೆ, ಅದೇ ಐದು ನಿಮಿಷ. ಆಗಲಿಲ್ಲ. ಬಟ್ಟೆ ತೆಗೆದು ಕಾಯಿಲ್ಲಿಗೆ ಹಾಕಿದ ಮೇಲೆ ಹೊರಟಿತು. ಹಿಂತಿರುಗುವಾಗ ಮಹಾಪೆಯಲ್ಲಿ ಮೂರನೇ ಸಲ. ಈ ಬಾರಿ ಯಾವುದಕ್ಕೂ ಬಟ್ಟೆಯಿಲ್ಲ. ಬಾನೆಟ್ ತೆರೆದಿಟ್ಟು ಸುಮ್ಮನೆ ಕಾದೆವು. ಮೂವತ್ತೈದು ನಿಮಿಷಕ್ಕೆ ತಾನಾಗಿ ಸ್ಟಾರ್ಟ್ ಆಯಿತು.

ಎರಡು ವರ್ಷ ನಾವು ಪಂಪಿಗೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದದ್ದೂ ಸುಮಾರು ಅಷ್ಟೇ ಹೊತ್ತು. ಆ ಹೊತ್ತಿನಲ್ಲಿ ಪಂಪು ತಣ್ಣಗಾಗುತ್ತಿತ್ತು, ನಿಜ. ಜೊತೆಗೆ ಯಾರೂ ಮುಟ್ಟದ ಕಾಯಿಲ್ಲೂ ತಣ್ಣಗಾಗುತ್ತಿತ್ತು.

"ಆರಾಮ ಆತು ಅಂದ್ರ ಔಷಧದಿಂದನ ಆತು ಅನ್ನೂದು ಹೆಂಗ ತಂಗಿ? ಹೊತ್ತು ಹೋಗೂದೂ ಒಂದು ಔಷಧನ" ಎಂದರು ಕಾಕಾ.

*

ಹೊಸ ಕಾಯಿಲ್ ಯಾಕೆ ಕೆಟ್ಟಿತು ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಕೊಟ್ಟದ್ದು ಮುನ್ನೂರು ರೂಪಾಯಿಯ ಮಲ್ಟಿಮೀಟರು.

ಕಾಯಿಲ್ಲಿನ ಕೆಲಸ 12 ವೋಲ್ಟಿನ ಬ್ಯಾಟರಿಯಿಂದ ಸಾವಿರಾರು ವೋಲ್ಟಿನ ಕಿಡಿ ಹುಟ್ಟಿಸುವುದು. ಡೆಲ್ಕೋದೊಳಗಿನ ಪಾಯಿಂಟು ಮುಚ್ಚಿದಾಗ ಅದರ ಮೊದಲ ಸುರುಳಿಯಲ್ಲಿ ಕರೆಂಟ್ ಹರಿಯುತ್ತದೆ, ತೆರೆದಾಗ ಕಡಿಯುತ್ತದೆ, ಆ ಕಡಿತದಲ್ಲಿ ಎರಡನೇ ಸುರುಳಿಯಲ್ಲಿ ಕಿಡಿ ಹುಟ್ಟುತ್ತದೆ. ನಮ್ಮ ಕಾರಿನ ವ್ಯವಸ್ಥೆಗೆ ಮೊದಲ ಸುರುಳಿಯ ರೆಸಿಸ್ಟೆನ್ಸ್ ಸುಮಾರು 3 ಓಮ್ ಇರಬೇಕು. ಅಳೆದರೆ 1.5 ಓಮ್ ಬಂತು. ಅಂಥ ಕಾಯಿಲ್ ಕೆಟ್ಟದ್ದಲ್ಲ, ಬೇರೆ ಕಾರಿನದು. ಕೆಲವು ಕಾರುಗಳಲ್ಲಿ ಕಾಯಿಲ್ಲಿನ ಹಿಂದೆ ಬ್ಯಾಲಸ್ಟ್ ಎಂಬ ಇನ್ನೊಂದು ರೆಸಿಸ್ಟರು ಇರುತ್ತದೆ, ಉಳಿದರ್ಧ ಹೊರೆಯನ್ನು ಅದು ಹೊರುತ್ತದೆ. ನಮ್ಮ ಕಾರಿನಲ್ಲಿ ಅದಿಲ್ಲ.

ಶಾಲೆಯಲ್ಲಿ ಕಲಿತ ಓಮ್‌ನ ನಿಯಮ ಇಲ್ಲಿ ಸಾಕು. 12 ವೋಲ್ಟಿಗೆ 3 ಓಮ್ ಆದರೆ 4 ಆಂಪಿಯರ್, 48 ವಾಟ್. 1.5 ಓಮ್ ಆದರೆ 8 ಆಂಪಿಯರ್, 96 ವಾಟ್. ಪಾಯಿಂಟು ಮುಚ್ಚಿದ್ದಷ್ಟು ಹೊತ್ತೂ ಎರಡು ಪಟ್ಟು ಶಾಖ. ಓಡುವಾಗ ಗಾಳಿ ತಾಗುತ್ತದೆ, ಹೇಗೋ ನಡೆಯುತ್ತದೆ. ನಿಲ್ಲಿಸಿದ ಮೇಲೆ ತನ್ನ ಶಾಖದ ಮೇಲೆ ಎಂಜಿನ್ನಿನ ಶಾಖವೂ ಸೇರುತ್ತದೆ. ಬೆಂದ ಸುರುಳಿಯ ನಿರೋಧಕ ಸೋಲತೊಡಗುತ್ತದೆ. ಅದೇ ಹೊತ್ತಿಗೆ ಸೆಲ್ಫ್ ಹೊಡೆದರೆ ಸ್ಟಾರ್ಟರು ಕರೆಂಟ್ ಎಳೆದು ಬ್ಯಾಟರಿ 10 ವೋಲ್ಟಿನ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಬಿಸಿ ಕಾಯಿಲ್ಲಿನಿಂದ ಕಿಡಿ ಹೊರಡುವುದಿಲ್ಲ. ಪಾಯಿಂಟ್ ಸೆಟ್ ಪದೇ ಪದೇ ಸುಟ್ಟು ಕರಕಲಾಗುತ್ತಿದ್ದುದಕ್ಕೂ ಇದೇ ಕಾರಣ: ಅದೂ ಎರಡು ಪಟ್ಟು ಕರೆಂಟನ್ನು ಕಡಿಯಬೇಕಿತ್ತು. ಮೂರು ಸಲ ಪಾಯಿಂಟ್ ಬದಲಿಸಿದವರಲ್ಲಿ ಯಾರೂ ಅದು ಯಾಕೆ ಸುಡುತ್ತಿದೆ ಎಂದು ಕೇಳಿರಲಿಲ್ಲ.

3 ಓಮ್‌ನ ಕಾಯಿಲ್ ತಂದು, ಎಂಜಿನ್ನಿನಿಂದ ಸ್ವಲ್ಪ ದೂರಕ್ಕೆ ಸರಿಸಿ ಕೂರಿಸಿದರು. ಹೊಸ ಪಾಯಿಂಟ್ ಹಾಕಿ ಟೈಮಿಂಗ್ ಸರಿ ಮಾಡಿದರು. ಪಾಯಿಂಟಿನ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ ಕಿಡಿ ತಡವಾಗುತ್ತದೆ. ಬಿಸಿಯ ಕಾಯಿಲೆಗೆ ಅದೂ ಅಷ್ಟಿಷ್ಟು ಸೇರಿಕೊಂಡಿದ್ದಿರಬಹುದು. ಮರುವಾರ ಪಾಮ್ ಬೀಚ್ ರಸ್ತೆಯಲ್ಲಿ ಮೂರು ಸಲ ನಿಲ್ಲಿಸಿ, ಪ್ರತಿ ಸಲವೂ ಹದಿನೈದು ನಿಮಿಷ ಕಾದು ಸ್ಟಾರ್ಟ್ ಮಾಡಿದೆವು. ಮೂರು ಸಲವೂ ಆಯಿತು. ಡಿಕ್ಕಿಯಲ್ಲಿದ್ದ ಪಂಚೆಯ ತುಂಡು ಒಣಗಿಯೇ ಇತ್ತು.

*

ಮುಂಬಯಿಯ ರಸ್ತೆಯಲ್ಲಿ ಸಾವಿರಾರು ಪದ್ಮಿನಿ ಟ್ಯಾಕ್ಸಿಗಳಿದ್ದಾಗ ಈ ಕಾಯಿಲೆಗಳು ದಿನವೂ ನಡುರಸ್ತೆಯಲ್ಲೇ, ಬಿಸಿಯಾಗಿಯೇ ಸಿಗುತ್ತಿದ್ದವು. ಕಾಕಾನಂಥವರು ಕಲಿತದ್ದು ಹಾಗೆ. ಈಗ ಉಳಿದ ಪದ್ಮಿನಿಗಳು ಭಾನುವಾರದ ಗಾಡಿಗಳು. ಗ್ಯಾರೇಜಿಗೆ ಟೋ ಆಗಿ ಬರುವಷ್ಟರಲ್ಲಿ ತಣ್ಣಗಾಗಿರುತ್ತವೆ, ಅಲ್ಲಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತವೆ. ಎಳೆಯ ಮೆಕ್ಯಾನಿಕ್ ಏನು ಮಾಡಬೇಕು? ಅನುಮಾನವಿದ್ದ ಪಾರ್ಟು ಬದಲಿಸಿ ಕಳಿಸುತ್ತಾನೆ. ಅವನಲ್ಲಿ ಜಾಣತನ ಕಡಿಮೆ ಎಂದಲ್ಲ, ಕಾಯಿಲೆ ಅವನ ಕಣ್ಣೆದುರು ಬರುವುದೇ ಇಲ್ಲ.

ಆದ್ದರಿಂದ ನೋಡುವ ಕೆಲಸದಲ್ಲಿ ಒಂದು ಪಾಲು ಗಾಡಿಯವರದೇ. ನಿಮ್ಮಲ್ಲೂ ಒಂದು ಅಂಬಾಸಿಡರೋ, ಫಿಯಟ್ಟೋ, ಸ್ಟ್ಯಾಂಡರ್ಡ್ ಹೆರಾಲ್ಡೋ ಇದ್ದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಡಿ. ಬಿಸಿಯಾದದ್ದು ನಿಂತಾಗಲೋ, ಏರಿನಲ್ಲೋ? ನಿಲ್ಲಿಸಿ ಎಷ್ಟು ನಿಮಿಷಕ್ಕೆ ಸ್ಟಾರ್ಟ್ ಆಗಲಿಲ್ಲ? ಸೆಲ್ಫ್ ಹೇಗೆ ತಿರುಗಿತು? ಕಾರ್ಬುರೇಟರಿನಲ್ಲಿ ಪೆಟ್ರೋಲ್ ಚಿಮ್ಮಿತೇ? ಕಿಡಿಯ ಬಣ್ಣ ಯಾವುದು? ಇಷ್ಟು ಬರೆದು ಮೆಕ್ಯಾನಿಕ್ಕಿನ ಕೈಗೆ ಕೊಟ್ಟರೆ ಅವನ ಅರ್ಧ ಕೆಲಸ ಮುಗಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಇಂಥದ್ದು ಮಾಡಿದೆ, ಸರಿಹೋಯಿತು ಎಂದು ಯಾರಾದರೂ ಹೇಳಿದರೆ, ಮಾಡಿದ ಮೇಲೆ ಎಷ್ಟು ಹೊತ್ತು ಕಾದಿರಿ ಎಂದು ಕೇಳಿ.

ಜೂನ್‌ನಲ್ಲಿ ಗಾಡಿಯನ್ನು ಕಲ್ಯಾಣ್ ಆರ್‌ಟಿಒಗೆ ಒಯ್ದೆ. 5,000 ರೂಪಾಯಿ ಫೀ. ಅದೇ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ಸಾಲಿನಲ್ಲಿ ಒಂದೂವರೆ ಗಂಟೆ, ನಡುನಡುವೆ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ, ಹತ್ತಡಿ ಮುಂದೆ ಹೋಗಿ, ಮತ್ತೆ ಆಫ್. ಆರ್‌ಸಿ 2030ರ ತನಕ ಮುಂದುವರಿದಿದೆ. ಅಣ್ಣ ಗಣೇಶ ಚೌತಿಗೆ ಬಂದಾಗ ತಾನೇ ಓಡಿಸಿಕೊಂಡು ಥಾಣೆಗೆ ಹೋಗಿ ಬಂದ. ಅಮ್ಮ ಮಾತ್ರ ಇನ್ನೂ ಕಣ್ಣಿನ ಡಾಕ್ಟರಿಗೆ ರಿಕ್ಷಾದಲ್ಲೇ ಹೋಗುತ್ತಾಳೆ. ಈ ಬೇಸಿಗೆಗೆ ಮೊದಲು ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಬೇಕು ಎಂದು ಕಾಕಾ ಪಟ್ಟಿ ಮಾಡಿಕೊಟ್ಟಿದ್ದಾರೆ.